ಕಣ್ಣಿದ್ದೂ ಕಾಣದ ಮಕ್ಕಳು ಮಾತನಾಡುವ ಬಗೆ



ಹುಡುಕುತ್ತಿದ್ದ ವಸ್ತು ಕಣ್ಣೆದುರಿಗೇ ಇದ್ದರೂ ಸಿಗದೆ ಹೋದಾಗ ಮನೆಯಲ್ಲಿ ಹಿರಿಯರು "ಕಣ್ಣಿದ್ದೂ ಕುರುಡು" ಎಂದು ಗದರಿದ್ದು ನಿಮ್ಮಲ್ಲಿ ಬಹುತೇಕರಿಗೆ ನೆನಪಿರಬೇಕು. ನಮ್ಮಲ್ಲಿ ಅದೊಂದು ಬೈಗುಳ, ಅಷ್ಟೇ. ಆದರೆ ಅಕ್ಷರಶಃ ಅದೇ ಸ್ಥಿತಿಯಲ್ಲಿ ಬೆಳೆಯುತ್ತಿರುವ ಮಕ್ಕಳಿದ್ದಾರೆ. ಅವರ ಕಣ್ಣುಗುಡ್ಡೆ ಚೆನ್ನಾಗಿದೆ, ಪೊರೆಯಿಲ್ಲ, ಕಣ್ಣಿನ ವೈದ್ಯರು ಟಾರ್ಚು ಹಾಕಿ ನೋಡಿ "ಎಲ್ಲ ಸರಿಯಿದೆ" ಎನ್ನುತ್ತಾರೆ. ಆದರೂ ಮಗು ತಾಯಿಯ ಮುಖ ನೋಡುವುದಿಲ್ಲ, ಕೊಟ್ಟ ಆಟಿಕೆಯತ್ತ ತಿರುಗುವುದಿಲ್ಲ, ಸೀಲಿಂಗ್ ಫ್ಯಾನನ್ನೋ ಟ್ಯೂಬ್‌ಲೈಟನ್ನೋ ದಿಟ್ಟಿಸುತ್ತಾ ಮಲಗಿರುತ್ತದೆ. ಮನೆಗೆ ಬಂದವರು "ಮಗು ಸ್ವಲ್ಪ ಮಂಕು" ಎಂದು ಹೇಳಿ ಹೋಗುತ್ತಾರೆ. ಆ ಒಂದು ಮಾತು ಮಗುವಿನ ಹಣೆಗೆ ಅಂಟಿಕೊಂಡುಬಿಡುತ್ತದೆ.

ಈ ಸ್ಥಿತಿಗೆ ಸೆರಿಬ್ರಲ್ ವಿಶುವಲ್ ಇಂಪೇರ್ಮೆಂಟ್ ಎಂದು ಹೆಸರು. ವೈದ್ಯರು ಚಿಕ್ಕದಾಗಿ ಸಿ.ವಿ.ಐ. ಎನ್ನುತ್ತಾರೆ. ಮಿದುಳಿನಿಂದ ಬಂದ ದೃಷ್ಟಿದೋಷ ಎಂದು ನಾವು ಕನ್ನಡದಲ್ಲಿ ಹೇಳಿಕೊಳ್ಳೋಣ. ಕಣ್ಣು ಬರೀ ಕಿಟಕಿ. ಕಿಟಕಿಯಿಂದ ಬಂದದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದು ತಲೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗ. ಅಲ್ಲಿಂದ ಮುಂದಕ್ಕೆ ಎರಡು ದಾರಿಗಳು ಹೋಗುತ್ತವೆ. ಒಂದು "ಇದು ಏನು?" ಎಂದು ಗುರುತಿಸುವ ದಾರಿ, ಇನ್ನೊಂದು "ಇದು ಎಲ್ಲಿದೆ, ಕೈ ಹೇಗೆ ಚಾಚಲಿ?" ಎಂದು ಲೆಕ್ಕ ಹಾಕುವ ದಾರಿ. ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ ಸಾಲದೆ ಹೋದರೆ, ದಿನ ತುಂಬುವ ಮೊದಲೇ ಮಗು ಹುಟ್ಟಿದರೆ, ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ತೀರಾ ಇಳಿದರೆ, ಮಿದುಳಿಗೆ ಸೋಂಕು ತಗುಲಿದರೆ ಈ ಭಾಗಗಳಿಗೆ ಪೆಟ್ಟಾಗಬಹುದು. ವಿಚಿತ್ರವೆಂದರೆ, ವೈದ್ಯವಿಜ್ಞಾನ ಮುಂದುವರಿದಂತೆ ಇಂಥ ಮಕ್ಕಳು ಹೆಚ್ಚಾಗಿ ಕಾಣಸಿಗುತ್ತಿದ್ದಾರೆ. ಹಿಂದೆ ಬದುಕುಳಿಯದೇ ಹೋಗುತ್ತಿದ್ದ ಎಳೆಗೂಸುಗಳು ಇಂದು ಬದುಕುತ್ತಿವೆ. ಮುಂದುವರಿದ ದೇಶಗಳಲ್ಲಿ ಮಕ್ಕಳ ದೃಷ್ಟಿದೋಷಕ್ಕೆ ಇದೇ ಮುಖ್ಯ ಕಾರಣವಾಗಿದೆ.

ಇದು ಹೊಸ ಕಾಯಿಲೆಯೇನೂ ಅಲ್ಲ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಪರೀಕ್ಷಿಸಿದ ಇನೌಯೆ ಎಂಬ ಜಪಾನಿ ವೈದ್ಯರು, ಗಾಯ ಎಲ್ಲಿದೆಯೋ ಅದಕ್ಕೆ ತಕ್ಕಂತೆ ನೋಟದ ಭಾಗ ಅಳಿಸಿಹೋಗುವುದನ್ನು ಗುರುತಿಸಿದರು. 1917ರಲ್ಲಿ ಬ್ರಿಟನ್ನಿನ ಜಾರ್ಜ್ ರಿಡಾಕ್ ಇನ್ನೊಂದು ಸೋಜಿಗ ಬರೆದಿಟ್ಟರು: ಕೆಲವು ಸೈನಿಕರಿಗೆ ನಿಂತ ವಸ್ತು ಕಾಣದು, ಅದೇ ವಸ್ತು ಅಲುಗಾಡಿದರೆ ತಿಳಿಯುತ್ತದೆ! ಮಕ್ಕಳ ವಿಷಯದಲ್ಲಿ ಈ ಜ್ಞಾನ ಕೈಗೆ ಬರಲು ಮತ್ತೂ ಹಲವು ದಶಕ ಬೇಕಾಯಿತು. ಗ್ಲಾಸ್ಗೋದ ಮಕ್ಕಳ ನೇತ್ರತಜ್ಞ ಗಾರ್ಡನ್ ಡಟನ್, ಅಮೆರಿಕದ ಕ್ರಿಸ್ಟೀನ್ ರೋಮನ್-ಲ್ಯಾಂಟ್ಜಿ ಇವರ ಬರಹಗಳು ಇಂದು ಪಾಲಕರೂ ಹುಡುಕಿ ಓದುವಂಥವು.

ಈ ನೋಟ ಹೇಗಿರುತ್ತದೆ? ನವರಾತ್ರಿಯ ಗರ್ಬಾ ಮೈದಾನವನ್ನು ನೆನೆಸಿಕೊಳ್ಳಿ. ಸಾವಿರಾರು ಚನಿಯಾ ಚೋಳಿ, ಕನ್ನಡಿ ಚೂರುಗಳ ಮಿಂಚು, ಮೈಕಿನ ಅಬ್ಬರ. ಅಲ್ಲಿ ನಿಮ್ಮ ಗೆಳತಿಯನ್ನು ಹುಡುಕಲು ನಿಮಗೇ ಕಷ್ಟ. ಈ ಮಗುವಿಗೆ ಊಟದ ಮೇಜೇ ಒಂದು ಗರ್ಬಾ ಮೈದಾನ. ಹೂವಿನ ಚಿತ್ರದ ಮೇಜುಬಟ್ಟೆಯ ಮೇಲೆ ಬಣ್ಣದ ತಟ್ಟೆ, ಅದರಲ್ಲಿ ನಾಲ್ಕು ಬಗೆ ಅಡುಗೆ ಇಟ್ಟರೆ ಎಲ್ಲವೂ ಕಲಸಿಹೋದ ರಂಗೋಲಿ. ಬರಿ ಕಪ್ಪು ಬಟ್ಟೆಯ ಮೇಲೆ ಒಂದೇ ಒಂದು ಹಳದಿ ಬಟ್ಟಲಿಡಿ, ಮೆಲ್ಲಗೆ ಅಲುಗಿಸಿ, ಬಾಯಿ ಮುಚ್ಚಿಕೊಂಡು ಹತ್ತು ಇಪ್ಪತ್ತು ಎಣಿಸಿ. ಆಗ ನೋಟ ಬಂದು ಬಟ್ಟಲಿನ ಮೇಲೆ ಕೂರಬಹುದು. ಬಾಯಿ ಮುಚ್ಚಿಕೊಳ್ಳಿ ಎಂದದ್ದು ತಮಾಷೆಗಲ್ಲ. ಇಂಥ ಅನೇಕ ಮಕ್ಕಳಿಗೆ ಒಟ್ಟೊಟ್ಟಿಗೇ ಕೇಳುವುದೂ ನೋಡುವುದೂ ಆಗದು. "ನೋಡು ಪುಟ್ಟಾ, ಇಲ್ಲಿ ನೋಡು, ಇಲ್ಲಿ" ಎಂದು ನಾವು ಪ್ರೀತಿಯಿಂದ ಕೂಗಿದಷ್ಟೂ ನೋಟ ದೂರ ಸರಿಯುತ್ತದೆ. ಕೆಲವರು ವಸ್ತುವನ್ನು ಒಮ್ಮೆ ನೋಡಿ, ಮುಖ ಆ ಕಡೆ ತಿರುಗಿಸಿ, ಆಮೇಲೆ ಕೈ ಚಾಚುತ್ತಾರೆ. ಬೆಳಿಗ್ಗೆ ಕಂಡದ್ದು ಸಂಜೆ ದಣಿದಾಗ ಕಾಣದು. ಹಲವರಿಗೆ ಒಂದೊಂದು ಬಣ್ಣ ಬೇಗ ಹಿಡಿಸುತ್ತದೆ. ಹೆಚ್ಚಾಗಿ ಅದು ಹಳದಿ ಅಥವಾ ಕೆಂಪು. ನಮ್ಮ ಕನ್ನಡ ಬಾವುಟದ ಬಣ್ಣಗಳೇ, ನೋಡಿ!

ಸಮಾಧಾನದ ಮಾತೂ ಒಂದಿದೆ. ಬೇಗ ಗುರುತಿಸಿ, ಸುತ್ತಲಿನ ಗೊಂದಲ ಕಡಿಮೆ ಮಾಡಿ, ತಕ್ಕ ವಸ್ತುಗಳನ್ನು ಕೊಟ್ಟರೆ ಈ ನೋಟ ಎಷ್ಟೋ ಮಕ್ಕಳಲ್ಲಿ ಸುಧಾರಿಸುತ್ತದೆ.

ಈಗ ಮಾತಿನ ವಿಷಯಕ್ಕೆ ಬರೋಣ. ಮಿದುಳಿನ ಅದೇ ಪೆಟ್ಟು ಅನೇಕರಲ್ಲಿ ಕೈಕಾಲು, ನಾಲಿಗೆ, ತುಟಿಗಳ ಹಿಡಿತವನ್ನೂ ಕಸಿದಿರುತ್ತದೆ. ಸೆರಿಬ್ರಲ್ ಪಾಲ್ಸಿ ಎಂಬ ಹೆಸರು ನೀವು ಕೇಳಿರಬಹುದು. ಅಂಥ ಮಗುವಿಗೆ ಕೇಳಿದ್ದು ತಿಳಿಯುತ್ತದೆ, ಹೇಳಬೇಕೆಂಬ ಆಸೆಯೂ ಇದೆ, ಆದರೆ ಮಾತು ಹೊರಡುವುದಿಲ್ಲ. ಇದು ಹೇಗಿರಬಹುದೆಂದು ಬೇರೆಯವರಿಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ರಜೆಯಲ್ಲಿ ಹುಬ್ಬಳ್ಳಿಗೋ ಉಡುಪಿಗೋ ಹೋದಾಗ ಅಜ್ಜಿ ಕೇಳಿದ್ದೆಲ್ಲ ನಿಮಗೆ ಅರ್ಥವಾಗುತ್ತದೆ. ಉತ್ತರವೂ ಮನಸ್ಸಿನಲ್ಲಿದೆ. ಗುಜರಾತಿಯಲ್ಲಾದರೆ ಪಟಪಟನೆ ಹೇಳಿಬಿಡುತ್ತಿದ್ದಿರಿ. ಕನ್ನಡದಲ್ಲಿ ವಾಕ್ಯ ಕಟ್ಟಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ, "ಅದಕ್ಕೆ ಕನ್ನಡ ಬರಲ್ಲ ಬಿಡಿ" ಎಂದು ಮಾತು ಮುಗಿಸಿಬಿಡುತ್ತಾರೆ! ನಿಮಗದು ರಜೆಯ ಹದಿನೈದು ದಿನದ ಪೇಚು. ಈ ಮಕ್ಕಳಿಗೆ ಅದು ನಿತ್ಯದ ಬದುಕು.

ಮಾತು ಬಾರದವರಿಗಾಗಿ ಜಗತ್ತಿನಲ್ಲಿ ಬಹಳ ಸಾಧನಗಳು ಬಂದಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ನೋಟ ಸರಿಯಿದೆ ಎಂದು ನಂಬಿಕೊಂಡೇ ತಯಾರಾದವು. ಒಂದು ಹಲಗೆಯ ಮೇಲೆ ನಲವತ್ತು ಚಿತ್ರ. ಬೇಕಾದ್ದನ್ನು ಮುಟ್ಟಿ ತೋರಿಸು. ನಮ್ಮ ಮಗುವಿಗೆ ಆ ನಲವತ್ತು ಚಿತ್ರ ನಲವತ್ತು ಜನರು ಒಮ್ಮೆಲೇ ಕೂಗಿದಂತೆ. ಕಣ್ಣಿನ ಚಲನೆಯನ್ನೇ ಕ್ಯಾಮೆರಾದಿಂದ ಓದಿ ಮಾತಾಡುವ ಗಣಕಯಂತ್ರಗಳೂ ಇವೆ, ಲಕ್ಷಗಟ್ಟಲೆ ಬೆಲೆಯವು. ಪಾಲಕರು ಸಾಲ ಮಾಡಿಯಾದರೂ ಅದನ್ನೇ ತರಿಸಬೇಕೆಂದು ಹಂಬಲಿಸುವುದುಂಟು. ಆದರೆ ಆರಿಸಿಕೊಳ್ಳುವ ಹೊತ್ತಿಗೇ ಮುಖ ತಿರುಗಿಸುವ ಮಗುವಿನ ಮನಸ್ಸನ್ನು ಅದರ ಕಣ್ಣಿನಿಂದ ಓದುವುದಾದರೂ ಹೇಗೆ? ಪರದೆಯನ್ನು ತೀರಾ ಸರಳಗೊಳಿಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಅದರಲ್ಲೇ ಗೆದ್ದ ಮಕ್ಕಳೂ ಇದ್ದಾರೆ, ಇಲ್ಲವೆನ್ನಲಾರೆ. ಆದರೆ ಕೊಳ್ಳುವ ಮೊದಲು ಕೆಲವು ವಾರ ಪರೀಕ್ಷಿಸಿ ನೋಡದೆ ದುಡ್ಡು ಸುರಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಎಲ್ಲಿಂದ ಶುರುಮಾಡುವುದು? ಅಡುಗೆಮನೆಯಿಂದ! ಕಣ್ಣೂ ಕಿವಿಯೂ ಇಲ್ಲದ ಮಕ್ಕಳ ಶಿಕ್ಷಣದಲ್ಲಿ ನೆದರ್‌ಲ್ಯಾಂಡ್ಸಿನ ಯಾನ್ ವಾನ್ ಡೈಕ್ ಬೆಳೆಸಿದ ಒಂದು ಪದ್ಧತಿಯಿದೆ. ದಿನದ ಒಂದೊಂದು ಕೆಲಸಕ್ಕೂ ಒಂದೊಂದು ವಸ್ತು. ಊಟಕ್ಕೆ ಚಮಚ, ಸ್ನಾನಕ್ಕೆ ಚೊಂಬು, ಹೊರಗೆ ಹೋಗಲು ಚಪ್ಪಲಿ. ಖಾನೆಗಳಿರುವ ಪೆಟ್ಟಿಗೆಯಲ್ಲಿ ಇವನ್ನು ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಾರೆ. ಮಗು ಮುಟ್ಟಿ ನೋಡಿ ಮುಂದೇನೆಂದು ತಿಳಿಯುತ್ತದೆ; ಕೆಲಸ ಮುಗಿದ ಮೇಲೆ ಆ ವಸ್ತುವನ್ನು "ಮುಗಿಯಿತು" ಎಂಬ ಡಬ್ಬಿಗೆ ಹಾಕುತ್ತದೆ. ಕೆಲವು ತಿಂಗಳಲ್ಲಿ ಮಗುವೇ ಚಪ್ಪಲಿಯನ್ನು ತಂದು ನಿಮ್ಮ ಮಡಿಲಲ್ಲಿ ಹಾಕಿದರೆ ಅದೇ ಅದರ ಮೊದಲ ಮಾತು. ಇಲ್ಲಿ ದೊಡ್ಡವರು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. "ಕಾರಿನಲ್ಲಿ ಹೋಗೋಣ" ಎನ್ನಲು ಅಂಗಡಿಯಿಂದ ಪುಟ್ಟ ಪ್ಲಾಸ್ಟಿಕ್ ಕಾರು ತರುತ್ತಾರೆ. ಕಣ್ಣು ಕಾಣುವವರಿಗೆ ಅದು ಕಾರಿನ ಹಾಗೆ ಕಾಣುತ್ತದೆ ನಿಜ. ಬೆರಳಿಗೆ? ಕಾರಿನಲ್ಲಿ ಕೂತಾಗ ಮಗುವಿನ ಮೈಗೆ ತಾಗುವುದು ಸೀಟ್‌ಬೆಲ್ಟು. ಹಳೆಯ ಸೀಟ್‌ಬೆಲ್ಟಿನ ಒಂದು ಗೇಣು ತುಂಡೇ ಆ ಮಗುವಿಗೆ "ಕಾರು". ಸಂಘದ ಕಾರ್ಯಕ್ರಮಕ್ಕೆ ಏನಿಡುವಿರಿ? ನಾನಾದರೆ ಒಂದು ಜೊತೆ ಗೆಜ್ಜೆ ಇಡುತ್ತೇನೆ.

ಮುಂದಿನ ಮೆಟ್ಟಿಲು ಗುಂಡಿ. ಅಂಗೈಗಿಂತ ದೊಡ್ಡದಾದ, ಒಂದೇ ಬಣ್ಣದ ಗುಂಡಿ. ಅದರಲ್ಲಿ ಒಂದು ಮಾತು ರೆಕಾರ್ಡ್ ಮಾಡಿಟ್ಟರೆ ಒತ್ತಿದಾಗಲೆಲ್ಲ ಅದನ್ನು ನುಡಿಯುತ್ತದೆ. ಅಮೆರಿಕದ ಏಬಲ್‌ನೆಟ್ ಕಂಪನಿಯ ಬಿಗ್‌ಮ್ಯಾಕ್ ಎಂಬುದು ಇವುಗಳಲ್ಲಿ ಹೆಸರುವಾಸಿ. ಅಷ್ಟು ಖರ್ಚು ಬೇಡವೆಂದರೆ ಸಾಕುನಾಯಿಗಳಿಗೆಂದು ಮಾರುವ ಮಾತಾಡುವ ಗುಂಡಿಗಳು ಕೆಲವು ನೂರು ರೂಪಾಯಿಗೇ ಸಿಗುತ್ತವೆ. ನಗಬೇಡಿ, ಕೆಲಸಕ್ಕೆ ಬರುತ್ತವೆ. ಗುಂಡಿಗೆ ಏನು ತುಂಬಬೇಕು ಎಂಬಲ್ಲಿ ಮಾತ್ರ ಸ್ವಲ್ಪ ವಿವೇಕ ಬೇಕು. "ನೀರು ಬೇಕು" ಎಂದು ತುಂಬಿಬಿಟ್ಟರೆ ಮಗು ಹತ್ತು ಸಲ ಒತ್ತುತ್ತದೆ, ಹತ್ತು ಸಲ ನೀರು ಕುಡಿಸುತ್ತೀರಿ, ಹನ್ನೊಂದನೆಯ ಸಲ ಗುಂಡಿ ಎತ್ತಿ ಕಪಾಟಿನ ಮೇಲಿಡುತ್ತೀರಿ. ಅದರ ಬದಲು "ಇನ್ನೊಂದ್ಸಲ!" ಎಂದು ತುಂಬಿ. ಉಯ್ಯಾಲೆಗೂ ಅದೇ, ಹಾಡಿಗೂ ಅದೇ, ಅಣ್ಣನ ತಲೆಗೆ ಮೊಟಕುವ ಆಟಕ್ಕೂ ಅದೇ. ಇನ್ನೊಂದು ಗುಂಡಿಗೆ "ಸಾಕು, ಬಿಡಿ". ಮಾತು ಬಾರದ ಮಗುವಿಗೆ ಸಾಕು ಎನ್ನುವ ಅಧಿಕಾರ ಎಷ್ಟು ದೊಡ್ಡದು ಎಂದು ಸ್ವಲ್ಪ ಯೋಚಿಸಿ. ದಿನವಿಡೀ ಯಾರೋ ಎತ್ತುತ್ತಾರೆ, ಯಾರೋ ತಿನ್ನಿಸುತ್ತಾರೆ, ಯಾರೋ ಮುಖ ಒರೆಸುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾದ ಸಾಧನಕ್ಕೆ ಬೆಲೆಯೇ ಇಲ್ಲ. ಅದು ನಿಮ್ಮ ಧ್ವನಿ. ಕಣ್ಣಿನಿಂದ ಆರಿಸಲಾಗದವರಿಗೆ ಕಿವಿಯಿಂದ ಆರಿಸುವ ಅವಕಾಶ ಕೊಡುವ ಪದ್ಧತಿ ಇದು. ನಿಮ್ಮ ಚಿಕ್ಕಪ್ಪನ ಮಗಳು, ಆರು ವರ್ಷದವಳು, ನಿಮ್ಮ ಪಕ್ಕದಲ್ಲಿ ಕೂತಿದ್ದಾಳೆ ಎಂದಿಟ್ಟುಕೊಳ್ಳಿ. ನೀವು ನಿಧಾನವಾಗಿ ಹೇಳುತ್ತೀರಿ: "ಹಾಡು... ಕಥೆ... ಹೊರಗೆ... ಬೇರೆ ಏನೋ." ಒಂದೊಂದರ ನಡುವೆಯೂ ಬಿಡುವು. ಅವಳು ತನಗೆ ಬೇಕಾದ್ದು ಬಂದಾಗ ಕೈ ಎತ್ತುತ್ತಾಳೆ, ಅಥವಾ ತಲೆಯಿಂದ ಒಂದು ಸ್ವಿಚ್ ಒತ್ತುತ್ತಾಳೆ. ಕೇಳಲು ಸುಲಭ, ಮಾಡಲು ಶಿಸ್ತು ಬೇಕು. ದಿನವೂ ಅದೇ ಕ್ರಮ ಇರಬೇಕು. ನಿಮಗೆ ಇಷ್ಟವಾದದ್ದನ್ನು ರಾಗ ಎಳೆದು ಹೇಳಬಾರದು. ಕಥೆ ಹೇಳಲು ಬೇಸರವೆಂದು "ಕಥೆ"ಯನ್ನು ನುಂಗಿಬಿಡಲೂಬಾರದು. ಕೊನೆಯ "ಬೇರೆ ಏನೋ" ಎಂಬುದನ್ನು ಎಂದೂ ಮರೆಯಬಾರದು. ನೀವು ಕೊಟ್ಟ ಮೂರರಲ್ಲಿ ಅವಳ ಮನಸ್ಸಿನದು ಇಲ್ಲದಿರಬಹುದು. ಆ ಬಾಗಿಲು ತೆರೆದಿಡದಿದ್ದರೆ ನೀವು ಅವಳನ್ನು ಕೇಳುತ್ತಿಲ್ಲ, ಪರೀಕ್ಷೆ ಮಾಡುತ್ತಿದ್ದೀರಿ, ಅಷ್ಟೇ. ಮೆಲ್ಬರ್ನಿನ ಗೇಲ್ ಪೋರ್ಟರ್ ರೂಪಿಸಿದ ಪಾಡ್ ಎಂಬ ಪುಸ್ತಕಗಳಲ್ಲಿ ಇದೇ ಬಗೆಯಲ್ಲಿ ಪುಟದಿಂದ ಪುಟಕ್ಕೆ ಹೋಗುತ್ತಾ ನೂರಾರು ಪದಗಳನ್ನು ತಲುಪುವ ವ್ಯವಸ್ಥೆಯಿದೆ. ಕಣ್ಣಿನಿಂದ ಓದಲಾಗದ ಮಕ್ಕಳಿಗೆ ಜೊತೆಗಾರರೇ ಓದಿ ಹೇಳುತ್ತಾರೆ.

ಇದೇ ಕೆಲಸವನ್ನು ಟ್ಯಾಬ್ಲೆಟ್ಟೂ ಮಾಡಬಲ್ಲದು. ಎರಡು ಸ್ವಿಚ್ಚು: ಒಂದು ಒತ್ತಿದರೆ ಮುಂದಿನ ಪದ ಮೆಲುದನಿಯಲ್ಲಿ ಕೇಳುತ್ತದೆ, ಇನ್ನೊಂದು ಒತ್ತಿದರೆ ಅದೇ ಪದ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಬರುತ್ತದೆ. ಮೆಲುದನಿ ಅವಳ ಯೋಚನೆ, ಗಟ್ಟಿದನಿ ಅವಳ ಮಾತು. ನಮ್ಮ ದೇಶದಲ್ಲೇ ಇಂಥ ಪ್ರಯತ್ನಗಳು ಆಗಿವೆ ಎಂಬುದು ಹೆಮ್ಮೆಯ ಸಂಗತಿ. ಚೆನ್ನೈನ ಎಂಜಿನಿಯರ್ ಅಜಿತ್ ನಾರಾಯಣನ್, ಅಲ್ಲಿಯ ವಿದ್ಯಾಸಾಗರ್ ಸಂಸ್ಥೆಯ ಮಕ್ಕಳ ಜೊತೆ ಕೆಲಸ ಮಾಡುತ್ತಾ ಆವಾಜ್ ಎಂಬ ಮಾತಿನ ಸಾಧನ ತಯಾರಿಸಿದರು. ಮೊದಲು ಅದು ಪ್ರತ್ಯೇಕ ಯಂತ್ರವಾಗಿತ್ತು, ಆಮೇಲೆ ಟ್ಯಾಬ್ಲೆಟ್ಟಿನ ಆ್ಯಪ್ ಆಯಿತು. ಮುಂಬಯಿಯ ಐ.ಐ.ಟಿ.ಯಲ್ಲಿ ರೂಪುಗೊಂಡ ಜೆಲ್ಲೋ ಎಂಬ ಇನ್ನೊಂದು ಆ್ಯಪ್ ಉಚಿತ. ಆದರೆ ಯಾವ ಆ್ಯಪನ್ನೂ ಪೆಟ್ಟಿಗೆಯಿಂದ ತೆಗೆದ ಹಾಗೇ ಈ ಮಕ್ಕಳ ಮುಂದಿಡಬಾರದು. ಹಿನ್ನೆಲೆ ಕಪ್ಪಾಗಿರಲಿ. ಪರದೆಯಲ್ಲಿ ಎರಡೋ ನಾಲ್ಕೋ ಚಿತ್ರ, ನಡುವೆ ಧಾರಾಳ ಜಾಗ. ನೆರಳು, ಹೂಬಳ್ಳಿ, ಕುಣಿಯುವ ಬೊಂಬೆ ಏನೂ ಬೇಡ. ಮುಖ್ಯವಾಗಿ, ಒಂದು ಪದಕ್ಕೆ ಕೊಟ್ಟ ಜಾಗವನ್ನು ಮತ್ತೆ ಬದಲಿಸಬೇಡಿ. ಕಣ್ಣು ಮರೆತರೂ ಕೈ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ, ಕತ್ತಲೆಯಲ್ಲಿ ನೀವು ನಿಮ್ಮ ಮನೆಯ ಸ್ವಿಚ್ಚನ್ನು ಹುಡುಕುವ ಹಾಗೆ.

ಇಲ್ಲಿ ನಮ್ಮ ಭಾಷೆಯ ತೊಡಕೊಂದನ್ನು ಹೇಳಲೇಬೇಕು. ಈ ಚಿತ್ರಪಟಗಳ ಮೂಲ ಬಹುಮಟ್ಟಿಗೆ ಇಂಗ್ಲಿಷು. ಅಲ್ಲಿ ಪದಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಒಂದರ ಪಕ್ಕ ಒಂದು ಇಟ್ಟರೆ ವಾಕ್ಯ. ಕನ್ನಡದಲ್ಲಿ "ಬಾ" ಎಂಬ ಒಂದು ಚಿತ್ರ ಇಟ್ಟರೆ ಸಾಲದು. ಬರ್ತೀನಿ, ಬರಲ್ಲ, ಬಂದ್ಲು, ಬರ್ಲಾ? ಎಲ್ಲ ಬೇರೆ ಬೇರೆ ಮಾತು. "ಅಜ್ಜಿ" ಎಂಬ ಚಿತ್ರವೊಂದೇ ಅಜ್ಜಿಗೆ, ಅಜ್ಜಿಯ ಹತ್ತಿರ, ಅಜ್ಜಿ ಜೊತೆ ಎಂಬುದನ್ನು ಹೇಗೆ ತಿಳಿಸೀತು? ಇಂಗ್ಲಿಷ್ ಪಟದ ಮೊದಲ ಮನೆಯಲ್ಲಿ "ನಾನು", ಎರಡನೆಯದರಲ್ಲಿ "ಬೇಕು" ಇರುತ್ತದೆ. ನಮ್ಮ ಮಗು "ನೀರು ಬೇಕು" ಎಂದರೆ ಸಾಕು, ನಾನು ಎನ್ನುವ ಅಗತ್ಯವೇ ಇಲ್ಲ. ಬೇಕು ಬರುವುದು ಕೊನೆಗೆ. ಆದ್ದರಿಂದ ಇಂಗ್ಲಿಷ್ ಪಟಕ್ಕೆ ಕನ್ನಡದ ಚೀಟಿ ಅಂಟಿಸಿದರೆ ಅದು ಕನ್ನಡವಾಗುವುದಿಲ್ಲ. ಬೇಕು, ಬೇಡ, ಇನ್ನೂ, ಸಾಕು, ಬರ್ತೀನಿ, ಬರಲ್ಲ, ಕೊಡು, ಯಾಕೆ ಇಂಥ ಇಡಿಯ ಮಾತುಗಳಿಂದ ಶುರುಮಾಡುವುದು ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿಗೆ ಪರ್ಯಾಯವಾದ ಸಾಧನಗಳಿಗಾಗಿಯೇ ಒಂದು ಘಟಕವಿದೆ. 1980ರಲ್ಲಿ ಆರಂಭವಾದ ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವೂ ಇಂಥ ಮಕ್ಕಳಿಗಾಗಿ ದುಡಿಯುತ್ತಿದೆ. ರಜೆಗೆ ಊರಿಗೆ ಹೋಗುವ ಕುಟುಂಬಗಳು ಮೊದಲೇ ಪತ್ರ ಬರೆದೋ ಫೋನ್ ಮಾಡಿಯೋ ಸಮಯ ಕೇಳಿಕೊಂಡು ಹೋಗಬಹುದು.

ಗುಜರಾತಿನಲ್ಲಿರುವ ನಮಗೆ ಇನ್ನೂ ಒಂದು ಪ್ರಶ್ನೆಯಿದೆ. ತಂದೆ ಬ್ಯಾಂಕಿನ ವರ್ಗಾವಣೆಯ ಮೇಲೋ ಕಾರ್ಖಾನೆಯ ಕೆಲಸಕ್ಕೋ ಬಂದು ಆಲ್ಕಾಪುರಿಯಲ್ಲಿ ನೆಲೆಸಿದ್ದಾರೆ. ಮಗುವಿನ ತರಬೇತಿ ಗುಜರಾತಿಯಲ್ಲಿ, ಟ್ಯಾಬ್ಲೆಟ್ಟಿನ ಧ್ವನಿ ಇಂಗ್ಲಿಷಿನಲ್ಲಿ, ಮನೆಯ ಮಾತು ಕನ್ನಡ. "ಮಗುವಿಗೆ ಗೊಂದಲವಾಗುತ್ತದೆ, ಒಂದೇ ಭಾಷೆ ಇಟ್ಟುಕೊಳ್ಳಿ" ಎಂದು ಹೇಳುವವರು ಇದ್ದೇ ಇರುತ್ತಾರೆ. ಹಾಗೆ ಹೇಳಿದಾಗ ಮೊದಲು ಮನೆಬಿಟ್ಟು ಹೋಗುವುದು ಕನ್ನಡವೇ. ಆದರೆ ಎರಡು ಭಾಷೆ ಕೇಳಿದ್ದರಿಂದ ಇಂಥ ಮಕ್ಕಳ ಕಲಿಕೆ ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ನೋಟ ದುರ್ಬಲವಾದ ಮಗು ತಾಯಿಯನ್ನು ಗುರುತಿಸುವುದು ಧ್ವನಿಯಿಂದ. ಆ ತಾಯಿ ತನಗೆ ಸಲೀಸಲ್ಲದ ಇಂಗ್ಲಿಷಿನಲ್ಲಿ ತಡವರಿಸುತ್ತಾ ಲಾಲಿಸಬೇಕೇ? ಒಂದು ಗುಂಡಿಯಲ್ಲಿ "ಕೇಮ್ ಛೋ" ಇರಲಿ, ಇನ್ನೊಂದರಲ್ಲಿ "ಅಜ್ಜಿ, ಊಟ ಆಯ್ತಾ?" ಇರಲಿ. ಭಾನುವಾರ ಸಂಜೆ ಫೋನಿನಲ್ಲಿ ಆ ಎರಡನೆಯ ಗುಂಡಿ ಒತ್ತಿದಾಗ ಧಾರವಾಡದ ಅಜ್ಜಿಗೆ ಏನನ್ನಿಸೀತು ಎಂದು ನಾನು ವಿವರಿಸಬೇಕಿಲ್ಲ.

ಹತ್ತಿರದ ನೆರವಿನ ಬಗ್ಗೆ ಎರಡು ಮಾತು. ವಡೋದರಾದಿಂದ ಎರಡು ಗಂಟೆ ದಾರಿಯ ಅಹಮದಾಬಾದಿನ ವಸ್ತ್ರಾಪುರದಲ್ಲಿ ಅಂಧಜನ ಮಂಡಳವಿದೆ. ಅದೇ ಊರಿನಲ್ಲಿ ಸೆನ್ಸ್ ಇಂಟರ್‌ನ್ಯಾಷನಲ್ ಇಂಡಿಯಾ 1997ರಿಂದ ಕಣ್ಣು-ಕಿವಿ ಎರಡೂ ದುರ್ಬಲವಾದವರಿಗಾಗಿ ಕೆಲಸ ಮಾಡುತ್ತಿದೆ. ಮುಟ್ಟಿ ತಿಳಿಯುವ ವಸ್ತುಗಳ ಪದ್ಧತಿ ಅಂಥ ಕೆಲಸದ ಜೀವಾಳ. ಕಾನೂನೂ ನಮ್ಮ ಪರವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಸಿ.ವಿ.ಐ. ಅದರಲ್ಲಿ ಬೇರೆಯಾಗಿ ಇಲ್ಲ. ಮಂದದೃಷ್ಟಿ, ಸೆರಿಬ್ರಲ್ ಪಾಲ್ಸಿ, ಬಹುವೈಕಲ್ಯಗಳಿವೆ. ಪ್ರಮಾಣಪತ್ರಕ್ಕೆ ಅಳೆಯುವುದು ದೃಷ್ಟಿಯ ಮೊನಚು ಮತ್ತು ಹರವು, ಆದ್ದರಿಂದ ಅಕ್ಷರಪಟ್ಟಿ ಓದಬಲ್ಲ ಆದರೆ ಜನಜಂಗುಳಿಯಲ್ಲಿ ಏನೂ ಕಾಣದ ಮಗು ಈ ಜರಡಿಯಿಂದ ಸೋರಿಹೋಗುತ್ತದೆ. ಇದು ಸರಿಯಾಗಬೇಕಾದ ವಿಷಯ. ಆದರೆ ಅದೇ ಕಾಯಿದೆ "ಸಂವಹನ" ಎಂದರೇನು ಎಂದು ವಿವರಿಸುವಾಗ ಬ್ರೈಲ್, ಸ್ಪರ್ಶದ ಭಾಷೆ, ಮಾತಿಗೆ ಪೂರಕ ಹಾಗೂ ಪರ್ಯಾಯ ವಿಧಾನಗಳನ್ನೆಲ್ಲ ಸೇರಿಸಿದೆ. ಅಂದರೆ ಗುಂಡಿ ಒತ್ತಿ ಹೇಳಿದ್ದೂ ಕಾನೂನಿನ ಕಣ್ಣಿನಲ್ಲಿ ಮಾತೇ. ಶಾಲೆಯವರು "ಆಟಿಕೆ ತರಬೇಡಿ" ಎಂದರೆ ಈ ಸಾಲನ್ನು ನೆನಪಿಸಬಹುದು.

ಕೊನೆಯದಾಗಿ ನಿಮ್ಮ ಕೆಲಸ. ಹೌದು, ನಿಮಗೂ ಕೆಲಸವಿದೆ! ಆರು ವರ್ಷದ ಹುಡುಗಿಯ ಗುಂಡಿಯಲ್ಲಿ ಐವತ್ತು ವರ್ಷದ ಗಂಡಸಿನ ದನಿ ಇರಬಾರದು. ಹುಡುಗಿಗೆ ಹುಡುಗಿಯ ದನಿ, ಹುಡುಗನಿಗೆ ಹುಡುಗನದು, ಅದೂ ಆದಷ್ಟು ಅದೇ ವಯಸ್ಸಿನದು. ನಿಮ್ಮ ತಮ್ಮ ತಂಗಿಯರನ್ನು ಕೂರಿಸಿ ರೆಕಾರ್ಡ್ ಮಾಡಿಸಿ. ನಿಮ್ಮ ಕನ್ನಡ ಅಷ್ಟು ಶುದ್ಧವಿಲ್ಲವೆಂಬ ಸಂಕೋಚ ಬೇಡ. ಮಕ್ಕಳು ಆಡುವುದು ಶುದ್ಧ ಕನ್ನಡವಲ್ಲ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಒಂದು ಗೇಣು ದೂರದಿಂದ, ಒಂದು ಸಲಕ್ಕೆ ಒಂದೇ ಮಾತು. ಮೊದಲು ತುಂಬಬೇಕಾದ ಪಟ್ಟಿಯಲ್ಲಿ ಒಂದೆರಡು ಕೀಟಲೆಯ ಮಾತೂ ಇರಲಿ: "ಹೋಗೋ, ಕಪಿ!" ಎನ್ನದ ಬಾಲ್ಯ ಯಾರದ್ದಿದೆ? ಬರುವ ನವೆಂಬರಿನ ರಾಜ್ಯೋತ್ಸವಕ್ಕೆ ಸಭಾಂಗಣದ ಪಕ್ಕದ ಒಂದು ಕೋಣೆಯನ್ನು, ಮೈಕಿನ ಸದ್ದು ತಲುಪದಂತೆ, ಮಂದ ಬೆಳಕಿನಲ್ಲಿ, ಗೋಡೆಗೆ ಏನನ್ನೂ ಅಂಟಿಸದೆ ಖಾಲಿಯಾಗಿ ಬಿಡುವಂತೆ ಕಾರ್ಯದರ್ಶಿಗಳನ್ನು ಈಗಲೇ ಕೇಳಿಕೊಳ್ಳಿ. ಅಲಂಕಾರ ಸಮಿತಿಯವರು ಬಣ್ಣದ ಕಾಗದ ಹಿಡಿದು ಬಂದರೆ ಬಾಗಿಲಲ್ಲೇ ತಡೆಯುವ ಜವಾಬ್ದಾರಿ ನಿಮ್ಮದು.